ಸೈಕಲ್ ಹತ್ತಬಹುದು, ಬ್ಯಾಟರಿ ಹತ್ತುವಂತಿಲ್ಲ

ವಿಮಾನ ನಿಲ್ದಾಣದ ಕೌಂಟರಿನಲ್ಲಿ ಬ್ಯಾಗ್ ತೂಕಕ್ಕೆ ಇಡುವಾಗ ಒಂದು ಪ್ರಶ್ನೆ ಕೇಳಿಯೇ ಕೇಳುತ್ತಾರೆ: "ಇದರೊಳಗೆ ಪವರ್ ಬ್ಯಾಂಕ್ ಏನಾದರೂ ಇದೆಯಾ? ಇದ್ದರೆ ತೆಗೆದು ಕೈಚೀಲಕ್ಕೆ ಹಾಕಿಕೊಳ್ಳಿ." ಚಾಕು, ಕತ್ತರಿ, ಸ್ಕ್ರೂಡ್ರೈವರ್ ಇವು ಯಾವುವೂ ಕೈಯಲ್ಲಿರಬಾರದು, ಕೆಳಗಿನ ಸರಕಿನ ಕೋಣೆಗೆ ಕಳಿಸಿ ಎನ್ನುವವರೇ ಪವರ್ ಬ್ಯಾಂಕಿನ ವಿಷಯ ಬಂದಾಗ ಉಲ್ಟಾ ಹೇಳುತ್ತಾರೆ. ಅದು ಅಪಾಯದ ವಸ್ತು ಎಂದಾದರೆ ಜನರಿಂದ ದೂರ ಇಡಬೇಕಲ್ಲವೆ? ನಮ್ಮ ಮಡಿಲಲ್ಲೇ ಏಕೆ ಇಟ್ಟುಕೊಳ್ಳಬೇಕು?

ಇದಕ್ಕೆ ಅಂಟಿಕೊಂಡೇ ಇನ್ನೊಂದು ಒಗಟು ಇದೆ. ರಾಯಚೂರು ಜಿಲ್ಲೆಯ ದೇವದುರ್ಗ ತಾಲೂಕಿನ ಜಾಲಹಳ್ಳಿಯ ಹುಡುಗನೊಬ್ಬ ಬೆಂಗಳೂರಿನಲ್ಲಿ ದುಡಿಯುತ್ತಿದ್ದಾನೆ ಎಂದುಕೊಳ್ಳೋಣ. (ಬೆಂಗಳೂರಿನಲ್ಲೂ ಒಂದು ಜಾಲಹಳ್ಳಿ ಇದೆ. ಬಿಇಎಲ್ ಕಾರ್ಖಾನೆ, ವಾಯುಪಡೆಯ ನೆಲೆ ಇರುವುದು ಅಲ್ಲಿ. ನಾನು ಹೇಳುತ್ತಿರುವುದು ನಾರಾಯಣಪುರ ಬಲದಂಡೆ ಕಾಲುವೆಯ ಸೀಮೆಯ ಜಾಲಹಳ್ಳಿ.) ಊರಲ್ಲಿರುವ ಅಪ್ಪನಿಗೆ ಹೊಲಕ್ಕೆ ಹೋಗಿಬರಲು ಅನುಕೂಲವಾಗಲಿ ಎಂದು ಅವನು ಒಂದು ಎಲೆಕ್ಟ್ರಿಕ್ ಸೈಕಲ್ ಕೊಂಡಿದ್ದಾನೆ. ಮೋಟಾರು 250 ವ್ಯಾಟಿನದು, ಓಟ ಗಂಟೆಗೆ 25 ಕಿಲೋಮೀಟರಿನೊಳಗೆ. ಹಾಗಾಗಿ ನಮ್ಮ ದೇಶದ ಕಾನೂನಿನಲ್ಲಿ ಅದಕ್ಕೆ ನೋಂದಣಿ ಬೇಡ, ಲೈಸೆನ್ಸ್ ಬೇಡ. ಹೈದರಾಬಾದಿನ ಶಂಷಾಬಾದಿಗೆ ವಿಮಾನದಲ್ಲಿ ತಂದು, ಅಲ್ಲಿಂದ ರಸ್ತೆ ಹಿಡಿದರಾಯಿತು ಎಂಬುದು ಅವನ ಲೆಕ್ಕ. ಆದರೆ ಕೌಂಟರಿನಲ್ಲಿ ಅವನಿಗೆ ಸಿಗುವ ಉತ್ತರ: ಸೈಕಲ್ ಬರಬಹುದು, ಬ್ಯಾಟರಿ ಬರುವಂತಿಲ್ಲ. ಕೈಯಲ್ಲೂ ಇಲ್ಲ, ಸರಕಿನಲ್ಲೂ ಇಲ್ಲ.

ಅವನ ಜೇಬಿನ ಮೊಬೈಲಿನಲ್ಲಿ ಇರುವುದೂ ಅದೇ ಜಾತಿಯ ಬ್ಯಾಟರಿ. ಅದು ಹಾರಬಹುದು, ಇದು ಹಾರುವಂತಿಲ್ಲ. ಏಕೆ?

ಎಷ್ಟು ತುಂಬಿದೆ ಎಂಬ ಲೆಕ್ಕ

ಬ್ಯಾಟರಿಯ ಮೈಮೇಲೆ ಎರಡು ಸಂಖ್ಯೆಗಳಿರುತ್ತವೆ, ವೋಲ್ಟ್ ಮತ್ತು ಆಂಪಿಯರ್-ಅವರ್. ಎರಡನ್ನೂ ಗುಣಿಸಿದರೆ ಒಳಗೆ ತುಂಬಿರುವ ಶಕ್ತಿಯ ಅಳತೆ ಬರುತ್ತದೆ. ಅದೇ ವ್ಯಾಟ್-ಗಂಟೆ. ಸಾಮಾನ್ಯ ಮೊಬೈಲಿನಲ್ಲಿ 15ರಿಂದ 20 ವ್ಯಾಟ್-ಗಂಟೆ ಇರುತ್ತದೆ, ಲ್ಯಾಪ್‌ಟಾಪಿನಲ್ಲಿ 50-60. ಅಂಗಡಿಯಲ್ಲಿ '20000' ಎಂದು ಮಾರುವ ಪವರ್ ಬ್ಯಾಂಕಿನಲ್ಲಿ ಸುಮಾರು 74. ನಮ್ಮ ಹುಡುಗನ ಸೈಕಲಿನದು 36 ವೋಲ್ಟ್, 10 ಆಂಪಿಯರ್-ಅವರ್. ಅಂದರೆ 360.

ಪ್ರಯಾಣಿಕರ ವಿಮಾನಗಳ ನಿಯಮ ಜಗತ್ತಿನಾದ್ಯಂತ ಹೆಚ್ಚುಕಡಿಮೆ ಒಂದೇ. 100 ವ್ಯಾಟ್-ಗಂಟೆಯವರೆಗಿನ ಬ್ಯಾಟರಿ ಜೊತೆಗೆ ಬರಬಹುದು. 100ರಿಂದ 160ರವರೆಗಿನದಕ್ಕೆ ವಿಮಾನ ಸಂಸ್ಥೆಯ ಒಪ್ಪಿಗೆ ಬೇಕು, ಬಿಡಿ ಬ್ಯಾಟರಿಯಾದರೆ ಎರಡಕ್ಕಿಂತ ಹೆಚ್ಚು ಕೂಡದು. 160 ದಾಟಿದರೆ ಬಾಗಿಲು ಮುಚ್ಚಿತು. ಈ 100 ಎಂಬ ಗಡಿ ಬಂದದ್ದು ಹಳೆಯ ಇನ್ನೊಂದು ಲೆಕ್ಕದಿಂದ: 8 ಗ್ರಾಂ ಲೀಥಿಯಮ್ಮಿಗೆ ಸಮನಾದಷ್ಟು ಸರಕು ಇರುವ ಬ್ಯಾಟರಿ ಹೆಚ್ಚುಕಡಿಮೆ 100 ವ್ಯಾಟ್-ಗಂಟೆಯದಾಗಿರುತ್ತದೆ.

ಒಂದು ಮೊಬೈಲಿನ ಶಕ್ತಿಯೆಲ್ಲ ಶಾಖವಾಗಿ ಬದಲಾದರೆ ಒಂದು ದೊಡ್ಡ ಲೋಟ ನೀರು ಕುದಿಯಲು ತೊಡಗುತ್ತದೆ. ಸೈಕಲಿನದು ನಾಲ್ಕು ಲೀಟರಿಗೂ ಹೆಚ್ಚು ನೀರನ್ನು ಕುದಿಗೆ ತರುತ್ತದೆ. ಇದು ಬರೀ ವಿದ್ಯುತ್ತಿನ ಲೆಕ್ಕ. ಒಳಗಿನ ದ್ರವ, ಪ್ಲಾಸ್ಟಿಕ್ ಎಲ್ಲ ಹೊತ್ತಿಕೊಂಡರೆ ಹೊಮ್ಮುವ ಶಾಖ ಇದರ ಹಲವು ಪಟ್ಟು. ಆದರೆ ಹೆಚ್ಚು-ಕಡಿಮೆಯ ಮಾತಷ್ಟೇ ಆಗಿದ್ದರೆ ಇಷ್ಟು ಕಟ್ಟುನಿಟ್ಟು ಬೇಕಿರಲಿಲ್ಲ. ದೊಡ್ಡ ಬ್ಯಾಟರಿಯ ನಡತೆಯೇ ಬೇರೆ.

ಎತ್ತರದ ತಪ್ಪಿಲ್ಲ

ಮೇಲೆ ಗಾಳಿಯ ಒತ್ತಡ ಕಡಿಮೆ, ಅದಕ್ಕೇ ಬ್ಯಾಟರಿ ಸಿಡಿಯುತ್ತದೆ ಎಂದು ಎಷ್ಟೋ ಜನ ನಂಬಿದ್ದಾರೆ. ಅದು ಸರಿಯಲ್ಲ. ದೊಡ್ಡ ಪ್ರಯಾಣಿಕ ವಿಮಾನಗಳಲ್ಲಿ ನಾವು ಕೂರುವ ಭಾಗದಂತೆ ಕೆಳಗಿನ ಸರಕಿನ ಕೋಣೆಯಲ್ಲೂ ಗಾಳಿಯನ್ನು ಒತ್ತಿ ತುಂಬಿರುತ್ತಾರೆ. ಮೇಲಾಗಿ, ಸಾಗಣೆಗೆ ಯೋಗ್ಯ ಎಂದು ಮುದ್ರೆ ಪಡೆಯಲು ಲೀಥಿಯಂ ಬ್ಯಾಟರಿ ವಿಶ್ವಸಂಸ್ಥೆ ಗೊತ್ತುಮಾಡಿದ ಪರೀಕ್ಷೆಗಳಲ್ಲಿ ಪಾಸಾಗಿರಲೇಬೇಕು. ಮೊದಲನೆಯದೇ ಎತ್ತರದ ಪರೀಕ್ಷೆ. ಸುಮಾರು 15 ಕಿಲೋಮೀಟರ್ ಎತ್ತರದಲ್ಲಿರುವಷ್ಟು ತೆಳು ಗಾಳಿಯಲ್ಲಿ ಬ್ಯಾಟರಿಯನ್ನು ಕನಿಷ್ಠ 6 ಗಂಟೆ ಇಡುತ್ತಾರೆ. ಆಮೇಲೆ ಮೈನಸ್ 40ರಿಂದ 72 ಡಿಗ್ರಿವರೆಗೆ ತಂಪು-ಬಿಸಿ, ಅಲುಗಾಟ, ಹೊಡೆತ, ಹೊರಗಿನಿಂದ ಶಾರ್ಟ್ ಮಾಡುವುದು, ಅತಿಯಾಗಿ ಚಾರ್ಜ್ ಮಾಡುವುದು ಎಲ್ಲ ಇವೆ.

ನೆಲದ ಮೇಲೆ ಹೊತ್ತಿಕೊಳ್ಳದ ಬ್ಯಾಟರಿ ಆಕಾಶಕ್ಕೆ ಹೋಯಿತೆಂದು ಹೊತ್ತಿಕೊಳ್ಳುವುದಿಲ್ಲ. ನೆಲದ ಮೇಲಾದರೆ ಓಡಿ ಪಾರಾಗಬಹುದು, ಮೇಲೆ ಓಡಲು ಜಾಗವಿಲ್ಲ. ವ್ಯತ್ಯಾಸ ಇಷ್ಟೇ.

ಹಸಿ ಹುಲ್ಲಿನ ಬಣವೆ

ಮಾನ್ವಿ, ಸಿಂಧನೂರು, ದೇವದುರ್ಗದ ಕಡೆ ಭತ್ತ ಬೆಳೆಯುವ ರೈತರಿಗೆ ಈ ಅಧ್ಯಾಯದ ತಿರುಳು ಮೊದಲೇ ಗೊತ್ತು. "ಹಸಿ ಹುಲ್ಲು ಬಣವಿ ಒಟ್ಟಬ್ಯಾಡ್ರಿ, ಒಳಗ ಕಾವು ಏರ್ತೈತಿ" ಎಂದು ಹಿರಿಯರು ಹೇಳುವ ಮಾತಿನಲ್ಲಿ ಅದು ಪೂರ್ತಿ ಅಡಗಿದೆ.

ಬಣವೆಯೊಳಗೆ ತೇವ ಉಳಿದಿದ್ದರೆ ಸೂಕ್ಷ್ಮಜೀವಿಗಳು ಹುಲ್ಲನ್ನು ಕೊಳೆಸತೊಡಗುತ್ತವೆ. ಕೊಳೆತಕ್ಕೆ ಕಾವು ಹುಟ್ಟುತ್ತದೆ. 60-70 ಡಿಗ್ರಿ ದಾಟುವ ಹೊತ್ತಿಗೆ ಆ ಜೀವಿಗಳೂ ಸಾಯುತ್ತವೆ, ಆದರೆ ಆ ವೇಳೆಗೆ ಹುಲ್ಲು ಮತ್ತು ಗಾಳಿಯ ನಡುವಿನ ರಾಸಾಯನಿಕ ಕ್ರಿಯೆ ಕೆಲಸವನ್ನು ಕೈಗೆತ್ತಿಕೊಂಡಿರುತ್ತದೆ. ವಾರಗಳ ನಂತರ ಯಾರೂ ಕಡ್ಡಿ ಗೀರದೆ ಬಣವೆ ಹೊತ್ತಿ ಉರಿಯುತ್ತದೆ.

ಇಲ್ಲಿ ಎರಡು ಕೆಲಸಗಳ ನಡುವೆ ಪೈಪೋಟಿ ನಡೆದಿದೆ. ಒಂದು, ಒಳಗೆ ಕಾವು ಹುಟ್ಟುವುದು. ಇನ್ನೊಂದು, ಹುಟ್ಟಿದ ಕಾವು ಹೊರಗೆ ಹೋಗುವುದು. ಎರಡೂ ಸಮವಾಗಿರುವ ತನಕ ಬಣವೆ ಬೆಚ್ಚಗಿರುತ್ತದೆ, ಅಷ್ಟೇ. ಆದರೆ ಎರಡರ ವೇಗ ಒಂದೇ ರೀತಿ ಏರುವುದಿಲ್ಲ. ಬಿಸಿ ಹತ್ತು ಡಿಗ್ರಿ ಏರಿದರೆ ರಾಸಾಯನಿಕ ಕ್ರಿಯೆಗಳು ಸುಮಾರಾಗಿ ಇಮ್ಮಡಿ ವೇಗ ಪಡೆಯುತ್ತವೆ. ಇನ್ನೊಂದು ಹತ್ತಕ್ಕೆ ನಾಲ್ಮಡಿ, ಮತ್ತೊಂದು ಹತ್ತಕ್ಕೆ ಎಂಟುಮಡಿ. ಕಾವು ಹೊರಹೋಗುವುದು ಮಾತ್ರ ಒಳಗಿನ ಮತ್ತು ಹೊರಗಿನ ಬಿಸಿಯ ಅಂತರಕ್ಕೆ ತಕ್ಕಷ್ಟು, ನಿಧಾನವಾಗಿ ಹೆಚ್ಚುತ್ತದೆ. ಒಂದು ಹಂತ ದಾಟಿತೋ, ಹುಟ್ಟುವುದು ಹೋಗುವುದನ್ನು ಹಿಂದಿಕ್ಕುತ್ತದೆ. ಹೆಚ್ಚಿದ ಬಿಸಿ ಕ್ರಿಯೆಯನ್ನು ಚುರುಕು ಮಾಡುತ್ತದೆ, ಚುರುಕಾದ ಕ್ರಿಯೆ ಇನ್ನಷ್ಟು ಬಿಸಿ ಮಾಡುತ್ತದೆ. ಆಮೇಲೆ ಹಿಡಿಯುವವರಿಲ್ಲ. ಇದನ್ನು ಕಾವಿನ ನಾಗಾಲೋಟ ಎನ್ನೋಣ. ಎಂಜಿನಿಯರುಗಳು ಥರ್ಮಲ್ ರನ್‌ಅವೇ ಎನ್ನುವುದು ಇದನ್ನೇ. 1928ರಲ್ಲಿ ರಷ್ಯದ ನಿಕೊಲಾಯ್ ಸೆಮ್ಯೊನೊವ್ ಇಂಥ ಸ್ಫೋಟಕ್ಕೆ ಗಣಿತದ ಚೌಕಟ್ಟು ಕೊಟ್ಟರು. ರಾಸಾಯನಿಕ ಕ್ರಿಯೆಗಳ ಬಗ್ಗೆ ಮಾಡಿದ ಕೆಲಸಕ್ಕೆ 1956ರಲ್ಲಿ ಅವರಿಗೆ ನೊಬೆಲ್ ಬಂತು.

ಗಾತ್ರದ ಪಾತ್ರವೂ ಇಲ್ಲಿಯೇ ಇದೆ. ಬಣವೆಯ ಉದ್ದ, ಅಗಲ, ಎತ್ತರ ಮೂರನ್ನೂ ಇಮ್ಮಡಿ ಮಾಡಿದರೆ ಒಳಗಿನ ಹುಲ್ಲು ಎಂಟು ಪಟ್ಟಾಗುತ್ತದೆ, ಕಾವು ಹೊರಹೋಗುವ ಮೈ ಮಾತ್ರ ನಾಲ್ಕೇ ಪಟ್ಟು. ಅದಕ್ಕೇ ಹಸಿಯಿದ್ದರೂ ಒಂದು ಹೊರೆ ಹುಲ್ಲು ತಾನಾಗಿ ಹೊತ್ತಿಕೊಳ್ಳುವುದಿಲ್ಲ, ದೊಡ್ಡ ಬಣವೆ ಹೊತ್ತಿಕೊಳ್ಳುತ್ತದೆ.

ಸೆಲ್ಲಿನ ಒಳಗೆ

ಲೀಥಿಯಂ-ಅಯಾನ್ ಬ್ಯಾಟರಿಯಲ್ಲಿ ಮುಖ್ಯವಾಗಿ ನಾಲ್ಕು ಭಾಗ. ಒಂದು ಕಡೆ ಗ್ರಾಫೈಟ್ ಬಳಿದ ಹಾಳೆ. ಇನ್ನೊಂದು ಕಡೆ ಕೋಬಾಲ್ಟ್, ನಿಕ್ಕೆಲ್‌ನಂಥ ಲೋಹಗಳ ಆಕ್ಸೈಡ್ ಬಳಿದ ಹಾಳೆ. ಎರಡೂ ತಾಗದಂತೆ ನಡುವೆ ಕೂದಲಿಗಿಂತ ತೆಳುವಾದ ಪ್ಲಾಸ್ಟಿಕ್ ನಡುತೆರೆ. ಎಲ್ಲವನ್ನೂ ತೋಯಿಸಿ, ಲೀಥಿಯಂ ಕಣಗಳು ಆಚೀಚೆ ಓಡಾಡಲು ದಾರಿ ಮಾಡಿಕೊಡುವ ಒಂದು ದ್ರವ. ಈ ದ್ರವ ನೀರಲ್ಲ, ಬೆಂಕಿ ಹಿಡಿಯುವಂಥದು. ಗ್ರಾಫೈಟಿನ ಮೇಲೆ ಮೊದಲ ಚಾರ್ಜಿನಲ್ಲೇ ಒಂದು ತೆಳು ಕಾಪುಪೊರೆ ಕಟ್ಟಿಕೊಳ್ಳುತ್ತದೆ. ಅದಿರುವುದರಿಂದಲೇ ಗ್ರಾಫೈಟೂ ದ್ರವವೂ ಜಗಳವಾಡದೆ ವರ್ಷಗಟ್ಟಲೆ ಬಾಳುತ್ತವೆ.

ತಯಾರಿಕೆಯಲ್ಲಿ ಸೇರಿಕೊಂಡ ಲೋಹದ ಚೂರೊಂದು ನಡುತೆರೆಯನ್ನು ಚುಚ್ಚಿದರೆ, ಸೈಕಲ್ ಬಿದ್ದು ಸೆಲ್ ನಜ್ಜಿದರೆ, ಹೊಂದದ ಚಾರ್ಜರ್ ಹಾಕಿದರೆ ಒಳಗೆ ಒಂದು ಚುಕ್ಕೆಯಷ್ಟು ಜಾಗ ಬಿಸಿಯಾಗುತ್ತದೆ. 80-100 ಡಿಗ್ರಿಯ ಹೊತ್ತಿಗೆ ಕಾಪುಪೊರೆ ಒಡೆಯತೊಡಗುತ್ತದೆ. ಆಗ ಗ್ರಾಫೈಟು ದ್ರವದೊಂದಿಗೆ ನೇರವಾಗಿ ಸೆಣಸಿ ಇನ್ನಷ್ಟು ಕಾವು ಹುಟ್ಟಿಸುತ್ತದೆ. ಸುಮಾರು 130ರಲ್ಲಿ ಪಾಲಿಎಥಿಲೀನ್ ನಡುತೆರೆ ಕರಗುತ್ತದೆ, ಎರಡು ಹಾಳೆಗಳು ಕೂಡಿಕೊಳ್ಳುತ್ತವೆ. 200ರ ಆಸುಪಾಸಿಗೆ ಬಂದಾಗ ಲೋಹದ ಆಕ್ಸೈಡ್ ತನ್ನೊಳಗಿನ ಆಮ್ಲಜನಕವನ್ನೇ ಬಿಟ್ಟುಕೊಡುತ್ತದೆ. ಬಣವೆಗೆ ಹೊರಗಿನ ಗಾಳಿ ಬೇಕಿತ್ತು, ಇದಕ್ಕೆ ಅದೂ ಬೇಡ. ಸೆಲ್ ಬಾಯಿಬಿಟ್ಟು ಹೈಡ್ರೊಜನ್, ಕಾರ್ಬನ್ ಮಾನಾಕ್ಸೈಡ್ ಮುಂತಾದ ಉರಿಯುವ, ವಿಷದ ಅನಿಲಗಳನ್ನು ಉಗುಳುತ್ತದೆ.

ಈ ಬ್ಯಾಟರಿಯನ್ನು ಕಟ್ಟಿದವರಿಗೆ ಇದರ ಅರಿವು ಮೊದಲಿನಿಂದಲೂ ಇತ್ತು. ಜಪಾನಿನ ಅಕಿರಾ ಯೊಶಿನೊ 1986ರಲ್ಲಿ ತಾವು ಮಾಡಿದ ಸೆಲ್ಲಿನ ಮೇಲೆ ಕಬ್ಬಿಣದ ಗಟ್ಟಿಯನ್ನು ಬೀಳಿಸಿ ನೋಡಿದರು. ಲೀಥಿಯಂ ಲೋಹವನ್ನೇ ಬಳಸಿದ್ದ ಹಳೆಯ ಬಗೆಯದು ಧಗ್ಗನೆ ಉರಿಯಿತು, ಅವರದು ಉರಿಯಲಿಲ್ಲ. ಲೀಥಿಯಂ-ಅಯಾನ್ ಬ್ಯಾಟರಿ ಹುಟ್ಟಿದ್ದು ಆ ಗಳಿಗೆಯಲ್ಲೇ ಎಂದು ಅವರು ನೆನೆಯುತ್ತಾರೆ. 1991ರಲ್ಲಿ ಸೋನಿ ಅದನ್ನು ಮಾರುಕಟ್ಟೆಗೆ ತಂದಿತು. 2019ರಲ್ಲಿ ಯೊಶಿನೊ, ಜಾನ್ ಗುಡ್‌ಇನಫ್, ಸ್ಟ್ಯಾನ್ಲಿ ವಿಟಿಂಗ್‌ಹ್ಯಾಮ್ ನೊಬೆಲ್ ಹಂಚಿಕೊಂಡರು. ಒಳ್ಳೆಯ ಸೆಲ್ ನಾಗಾಲೋಟಕ್ಕೆ ಬೀಳುವುದು ತೀರ ಅಪರೂಪ. ಆದರೆ ಅಪರೂಪವನ್ನು ನಲವತ್ತರಿಂದ ಗುಣಿಸಿದಾಗ ಕಥೆ ಬದಲಾಗುತ್ತದೆ.

ಅಕ್ಕಪಕ್ಕದ ನಲವತ್ತು ಸೆಲ್

ನಮ್ಮ ಹುಡುಗನ ಸೈಕಲಿನ ಡಬ್ಬಿ ಬಿಚ್ಚಿದರೆ ಒಳಗೆ ಇರುವುದು ಒಂದೇ ಬ್ಯಾಟರಿಯಲ್ಲ. 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದದ ನಲವತ್ತು ಸೆಲ್‌ಗಳು ಒತ್ತೊತ್ತಾಗಿ ನಿಂತಿರುತ್ತವೆ. ಹತ್ತು ಸಾಲಾಗಿ ಸೇರಿ 36 ವೋಲ್ಟ್ ಕೊಡುತ್ತವೆ, ನಾಲ್ಕು ಜೊತೆಗೂಡಿ 10 ಆಂಪಿಯರ್-ಅವರ್ ಕೊಡುತ್ತವೆ. ನಡುವಿನ ಸೆಲ್ಲಿಗೆ ಹೊರಗಿನ ಗಾಳಿಯೇ ತಾಗುವುದಿಲ್ಲ. ಅದರಲ್ಲಿ ಕಾವು ಹುಟ್ಟಿದರೆ ಹೋಗುವುದೆಲ್ಲಿಗೆ? ಪಕ್ಕದ ಸೆಲ್ಲಿಗೆ. ಅದು 130 ಮುಟ್ಟಿತೆಂದರೆ ಅದರ ನಡುತೆರೆಯೂ ಕರಗುತ್ತದೆ. ಅಲ್ಲಿಂದ ಮುಂದಿನದಕ್ಕೆ.

ಮೊಬೈಲಿನಲ್ಲಿ ಸಾಮಾನ್ಯವಾಗಿ ಒಂದೇ ತೆಳು ಸೆಲ್. ಅದು ಕೆಟ್ಟರೂ ಕಾವು ಎರಡೂ ಬದಿಯಿಂದ ಹೊರಹೋಗುತ್ತದೆ, ಹಬ್ಬಲು ಇನ್ನೊಂದು ಸೆಲ್ ಇಲ್ಲ. ಹಸಿ ಹುಲ್ಲಿನ ಒಂದು ಹೊರೆಗೂ ದೊಡ್ಡ ಬಣವೆಗೂ ಇರುವ ವ್ಯತ್ಯಾಸವೇ ಜೇಬಿನ ಮೊಬೈಲಿಗೂ ಸೈಕಲಿನ ಡಬ್ಬಿಗೂ ಇರುವುದು.

ದುಬೈನಿಂದ ಹೊರಟ ವಿಮಾನ

2010ರ ಸೆಪ್ಟೆಂಬರ್ 3ರಂದು ಯುಪಿಎಸ್ ಕಂಪನಿಯ ಬೋಯಿಂಗ್ 747 ಸರಕು ವಿಮಾನ ದುಬೈನಿಂದ ಜರ್ಮನಿಯ ಕಲೋನ್‌ಗೆ ಹೊರಟಿತು. ಸರಕಿನಲ್ಲಿ 80 ಸಾವಿರಕ್ಕೂ ಹೆಚ್ಚು ಲೀಥಿಯಂ ಬ್ಯಾಟರಿಗಳಿದ್ದವು. ಏರಿದ ಇಪ್ಪತ್ತೆರಡು ನಿಮಿಷದಲ್ಲಿ ಬೆಂಕಿಯ ಎಚ್ಚರಿಕೆ ಬಂತು. ಚಾಲಕರು ವಿಮಾನವನ್ನು ದುಬೈಗೆ ತಿರುಗಿಸಿದರು. ಕೆಲವೇ ನಿಮಿಷಗಳಲ್ಲಿ ಹೊಗೆ ಕಾಕ್‌ಪಿಟ್ಟನ್ನು ತುಂಬಿತು, ಎದುರಿನ ಉಪಕರಣಗಳು ಕಾಣದಾದವು. ವಿಮಾನವನ್ನು ಹತೋಟಿಯಲ್ಲಿಡುವ ತಂತಿಗಳೂ ಶಾಖಕ್ಕೆ ಕೆಟ್ಟವು. ಮೊದಲ ಎಚ್ಚರಿಕೆಯಿಂದ ನೆಲಕ್ಕೆ ಅಪ್ಪಳಿಸುವವರೆಗೆ ಸುಮಾರು ಅರ್ಧ ಗಂಟೆ. ಇಬ್ಬರು ಚಾಲಕರೂ ಉಳಿಯಲಿಲ್ಲ.

ಆಮೇಲೆ ನಿಯಮಗಳು ಬಿಗಿಯಾದವು. 2016ರ ಏಪ್ರಿಲ್ 1ರಿಂದ ಬಿಡಿ ಲೀಥಿಯಂ-ಅಯಾನ್ ಬ್ಯಾಟರಿಗಳನ್ನು ಪ್ರಯಾಣಿಕರ ವಿಮಾನದಲ್ಲಿ ಸರಕಾಗಿ ಒಯ್ಯುವುದನ್ನು ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ ನಿಲ್ಲಿಸಿತು. ಸರಕಿನ ವಿಮಾನದಲ್ಲಿ ಹೋಗುವ ಬಿಡಿ ಬ್ಯಾಟರಿಯಲ್ಲೂ ಚಾರ್ಜು ಶೇಕಡ 30ಕ್ಕಿಂತ ಹೆಚ್ಚಿರಬಾರದು ಎಂದಿತು. ಚಾರ್ಜು ಕಡಿಮೆಯಿದ್ದಷ್ಟೂ ಕಾವು ಹುಟ್ಟಿಸುವ ಸರಕು ಕಡಿಮೆ, ನಾಗಾಲೋಟ ಶುರುವಾಗುವುದೂ ಕಷ್ಟ.

ಹೊಗೆ ಎಷ್ಟು ಕೆಟ್ಟದ್ದು ಎಂಬುದಕ್ಕೆ ಆಕಾಶಕ್ಕೆ ಹೋಗಬೇಕಿಲ್ಲ. ರಾಯಚೂರಿನವರು ಆಗಾಗ ಹೋಗಿಬರುವ ಸಿಕಂದರಾಬಾದಿನಲ್ಲಿ 2022ರ ಸೆಪ್ಟೆಂಬರ್ 12ರ ರಾತ್ರಿ ಎಲೆಕ್ಟ್ರಿಕ್ ಸ್ಕೂಟರ್ ಮಳಿಗೆಯೊಂದಕ್ಕೆ ಬೆಂಕಿ ಬಿತ್ತು. ಅದೇ ಕಟ್ಟಡದ ಮೇಲಿನ ಮಹಡಿಗಳಲ್ಲಿ ವಸತಿಗೃಹವಿತ್ತು. ಹೊಗೆ ಮೇಲೇರಿ ಎಂಟು ಜನರ ಪ್ರಾಣ ಹೋಯಿತು.

ಕಣ್ಣೆದುರೇ ಏಕೆ ಇರಬೇಕು

ಪವರ್ ಬ್ಯಾಂಕಿನ ಒಗಟು ಬಿಡಿಸಲು ಇಷ್ಟು ಸಾಕು. ಪ್ರಯಾಣಿಕ ವಿಮಾನದ ಸರಕಿನ ಕೋಣೆಯಲ್ಲಿ ಬೆಂಕಿ ಆರಿಸಲು ಹ್ಯಾಲಾನ್ ಎಂಬ ಅನಿಲ ಇರುತ್ತದೆ. ಉರಿಯುವ ಜ್ವಾಲೆಯ ರಾಸಾಯನಿಕ ಸರಪಳಿಯನ್ನು ಅದು ಕತ್ತರಿಸುತ್ತದೆ. ಬಟ್ಟೆ, ಕಾಗದದ ಬೆಂಕಿಗೆ ಇದು ಬಲು ಒಳ್ಳೆಯ ಮದ್ದು. ಆದರೆ ಹ್ಯಾಲಾನ್ ತಂಪು ಮಾಡುವುದಿಲ್ಲ. ಜ್ವಾಲೆ ಆರಿದರೂ ಸೆಲ್ಲಿನೊಳಗಿನ ಕಾವು ಹಾಗೇ ಉಳಿದು ಪಕ್ಕದ ಸೆಲ್ಲಿಗೆ ದಾಟುತ್ತಲೇ ಇರುತ್ತದೆ. ಅಮೆರಿಕದ ವಿಮಾನಯಾನ ಆಡಳಿತ 2017ರಲ್ಲಿ ಒಂದು ಪರೀಕ್ಷೆ ಮಾಡಿತು. ತುಂಬಿದ ಸೂಟ್‌ಕೇಸಿನಲ್ಲಿ ಲ್ಯಾಪ್‌ಟಾಪ್ ಇಟ್ಟು, ಪಕ್ಕದಲ್ಲಿ ತಲೆಗೂದಲಿಗೆ ಹಾಕುವ ಒಣ ಶಾಂಪೂವಿನ ಸ್ಪ್ರೇ ಡಬ್ಬಿ ಇಟ್ಟು, ಬ್ಯಾಟರಿಯನ್ನು ಬಿಸಿ ಮಾಡಿದರು. ಬೆಂಕಿ ಹತ್ತಿ 40 ಸೆಕೆಂಡಿನೊಳಗೆ ಡಬ್ಬಿ ಸ್ಫೋಟಿಸಿತು.

ಅದೇ ಬ್ಯಾಟರಿ ಮೇಲೆ, ಜನರ ನಡುವೆ ಇದ್ದರೆ? ಮೊದಲು ವಾಸನೆ ಬರುತ್ತದೆ, ಹೊಗೆ ಕಾಣುತ್ತದೆ, ಯಾರೋ ಕೂಗುತ್ತಾರೆ. ಸಿಬ್ಬಂದಿ ಓಡಿಬಂದು ಜ್ವಾಲೆ ಆರಿಸಿ, ಆಮೇಲೆ ನೀರು ಸುರಿಯುತ್ತಾರೆ. ಕೈಗೆ ಸಿಕ್ಕ ಕುಡಿಯುವ ನೀರಾದರೂ ಸರಿ, ಸುರಿಯುತ್ತಲೇ ಇರುತ್ತಾರೆ. ವಿದ್ಯುತ್ ವಸ್ತುವಿಗೆ ನೀರೇ ಎಂದು ಹೆದರುವುದು ಸಹಜ, ಆದರೆ ಇಷ್ಟು ಸಣ್ಣ ಬ್ಯಾಟರಿಯಲ್ಲಿ ಶಾಕಿನ ಭಯಕ್ಕಿಂತ ಕಾವಿನ ಭಯ ದೊಡ್ಡದು. ಮಂಜುಗಡ್ಡೆ ಮಾತ್ರ ಹೇರಬಾರದು ಎನ್ನುತ್ತಾರೆ, ಕಂಬಳಿ ಮುಚ್ಚಬಾರದು ಎನ್ನುತ್ತಾರೆ. ಎರಡೂ ಕಾವು ಹೊರಹೋಗುವ ದಾರಿಗೆ ಅಡ್ಡ. ಸೀಟಿನ ಸಂದಿಗೆ ಮೊಬೈಲ್ ಬಿದ್ದರೆ ಸೀಟನ್ನು ಅಲ್ಲಾಡಿಸಬೇಡಿ, ನಮ್ಮನ್ನು ಕರೆಯಿರಿ ಎಂದು ಹೇಳುವುದೂ ಇದಕ್ಕೇ: ಸೀಟು ಹಿಂದೆ ಮುಂದೆ ಆಡಿದರೆ ಸೆಲ್ ನಜ್ಜಬಹುದು.

ಹೀಗೆ ನೀರಿನಿಂದ ಗೆಲ್ಲಬಹುದಾದದ್ದು ಮೊಬೈಲ್, ಲ್ಯಾಪ್‌ಟಾಪ್‌ಗಳಷ್ಟು ಸಣ್ಣ ಬೆಂಕಿಯನ್ನು. ನಲವತ್ತು ಸೆಲ್‌ಗಳ ಡಬ್ಬಿ ಒಂದಾದ ಮೇಲೊಂದು ಸಿಡಿಯತೊಡಗಿದರೆ ಇಕ್ಕಟ್ಟಿನ ನಡುದಾರಿಯಲ್ಲಿ ನಿಂತ ಇಬ್ಬರು ಸಿಬ್ಬಂದಿ ಏನು ಮಾಡಿಯಾರು? ಆದ್ದರಿಂದ ಸೈಕಲಿನ ಬ್ಯಾಟರಿಗೆ ಮೇಲೆಯೂ ಜಾಗವಿಲ್ಲ, ಕೆಳಗೂ ಇಲ್ಲ.

ಗಾಲಿಕುರ್ಚಿಗೆ ತೆರೆದ ಬಾಗಿಲು

ಈ ಕಟ್ಟುನಿಟ್ಟಿನ ನಡುವೆ ಒಂದು ವಿನಾಯಿತಿ ಇದೆ. ನಡೆಯಲಾರದವರ ವಿದ್ಯುತ್ ಗಾಲಿಕುರ್ಚಿಯ ಬ್ಯಾಟರಿ ಬಿಚ್ಚುವಂಥದಾದರೆ, 300 ವ್ಯಾಟ್-ಗಂಟೆಯವರೆಗಿನದನ್ನು ಕುರ್ಚಿಯಿಂದ ತೆಗೆದು, ತುದಿಗಳು ಒಂದಕ್ಕೊಂದು ತಾಗದಂತೆ ಮುಚ್ಚಿ, ಪ್ರಯಾಣಿಕರ ಕೋಣೆಯಲ್ಲಿ ಒಯ್ಯಲು ಬಿಡುತ್ತಾರೆ. ಅದು ಎಲ್ಲಿದೆ ಎಂಬುದನ್ನು ವಿಮಾನದ ಮುಖ್ಯ ಚಾಲಕರಿಗೆ ತಿಳಿಸಿರಬೇಕು. ಭೌತವಿಜ್ಞಾನ ಗಾಲಿಕುರ್ಚಿಗೆ ಬೇರೆ, ಸೈಕಲಿಗೆ ಬೇರೆ ಅಲ್ಲ. ಆದರೂ ಇದು ಸರಿಯಾದ ನಿಯಮ ಎಂದೇ ನಾನು ನಂಬುತ್ತೇನೆ. ಕುರ್ಚಿಯೇ ಕಾಲಾಗಿರುವವರಿಗೆ ಅದನ್ನು ಬಿಟ್ಟು ಬನ್ನಿ ಎನ್ನಲಾಗದು. ಅವರಿಗಾಗಿ ಅಪಾಯದ ಒಂದು ಪಾಲನ್ನು ನಾವೆಲ್ಲ ಹಂಚಿಕೊಳ್ಳಬೇಕು, ಎಚ್ಚರದಿಂದ ಹಂಚಿಕೊಳ್ಳಬೇಕು.

ರಾಯಚೂರಿನ ಬಿಸಿಲು

ಮೇ ತಿಂಗಳಲ್ಲಿ ಜಾಲಹಳ್ಳಿಯ ಬಿಸಿಲು 42-43 ಡಿಗ್ರಿ ಮುಟ್ಟುವಾಗ ಮನೆಯಲ್ಲಿಟ್ಟ ಬ್ಯಾಟರಿಯ ಗತಿಯೇನು ಎಂದು ಕೇಳುವವರಿದ್ದಾರೆ. ಕಾಪುಪೊರೆ ಒಡೆಯುವ 80 ಡಿಗ್ರಿಗೂ ಈ ಬಿಸಿಲಿಗೂ ನಡುವೆ ಸಾಕಷ್ಟು ಅಂತರವಿದೆ, ಗಟ್ಟಿಯಾದ ಬ್ಯಾಟರಿ ಬಿಸಿಲಿಗೇ ಹೊತ್ತಿಕೊಳ್ಳುವುದಿಲ್ಲ. ಆದರೆ ಕಾವು ಹೊರಹೋಗುವುದು ಒಳ-ಹೊರಗಿನ ಅಂತರದಿಂದ ತಾನೆ? ಹೊರಗೇ 43 ಇದ್ದಾಗ, ಅದರಲ್ಲೂ ತಗಡಿನ ಶೆಡ್ಡಿನೊಳಗೆ, ಆ ಅಂತರ ಕುಗ್ಗುತ್ತದೆ. ಓಡಿಸಿ ಬಿಸಿಯಾದ ಬ್ಯಾಟರಿಯನ್ನು ಕೂಡಲೇ ಚಾರ್ಜಿಗೆ ಹಾಕದೆ ನೆರಳಲ್ಲಿ ಆರಲು ಬಿಡುವುದು, ಉಬ್ಬಿದ ಇಲ್ಲವೇ ಬಿದ್ದು ನಜ್ಜಿದ ಬ್ಯಾಟರಿಯನ್ನು ಮನೆಯೊಳಗೆ ಇಡದಿರುವುದು, ಅದರ ಜೊತೆ ಬಂದ ಚಾರ್ಜರನ್ನೇ ಬಳಸುವುದು. ಇಷ್ಟಕ್ಕೆ ಖರ್ಚೇನೂ ಇಲ್ಲ.

ಹೆಚ್ಚು ಕಾವು ತಾಳುವ ಇನ್ನೊಂದು ಬಗೆಯೂ ಇದೆ: ಕೋಬಾಲ್ಟಿನ ಬದಲು ಕಬ್ಬಿಣ ಮತ್ತು ಫಾಸ್ಫೇಟ್ ಬಳಸಿದ್ದು. ಅದರಲ್ಲಿ ಆಮ್ಲಜನಕ ರಂಜಕಕ್ಕೆ ಬಿಗಿಯಾಗಿ ಕಟ್ಟಿಕೊಂಡಿರುವುದರಿಂದ ಬಿಟ್ಟುಬರುವುದು ಕಷ್ಟ. 1997ರಲ್ಲಿ ಅದನ್ನು ಜಗತ್ತಿಗೆ ತಿಳಿಸಿದ ಲೇಖನಕ್ಕೆ ಮೂವರ ಸಹಿ ಇದೆ: ಎ. ಕೆ. ಪಾಧಿ, ಕೆ. ಎಸ್. ನಂಜುಂಡಸ್ವಾಮಿ, ಮತ್ತು ನೊಬೆಲ್ ಪಡೆದ ಗುಡ್‌ಇನಫ್. ಇಂಥ ಬ್ಯಾಟರಿ ತೂಕದಲ್ಲಿ ತುಸು ಹೆಚ್ಚು. ಕೆಟ್ಟಾಗ ಉರಿಯುವ ಅನಿಲ ಇದರಿಂದಲೂ ಬರುವುದರಿಂದ ವಿಮಾನದ ನಿಯಮ ಇದಕ್ಕೂ ಅದೇ.

ಹಾಗಾದರೆ ಸೈಕಲ್ ತರುವುದು ಹೇಗೆ

ಬ್ಯಾಟರಿ ಬಿಚ್ಚಬಹುದಾದ ಸೈಕಲಾದರೆ ಉಳಿದ ಭಾಗ ಪೆಟ್ಟಿಗೆ ಕಟ್ಟಿದ ಸಾಮಾನ್ಯ ಸೈಕಲಿನಂತೆ ಸರಕಿನಲ್ಲಿ ಬರಬಹುದು. ಚಕ್ರದೊಳಗಿನ ಮೋಟಾರಿನಿಂದ ತೊಂದರೆಯಿಲ್ಲ, ಅದರಲ್ಲಿರುವುದು ತಾಮ್ರದ ತಂತಿ ಮತ್ತು ಆಯಸ್ಕಾಂತ. ಬ್ಯಾಟರಿ ಚೌಕಟ್ಟಿನೊಳಗೇ ಹುದುಗಿದ್ದು ಬಿಚ್ಚಲು ಬಾರದಿದ್ದರೆ ಇಡೀ ಸೈಕಲೇ ನೆಲದ ದಾರಿ ಹಿಡಿಯಬೇಕು. ಕೊಳ್ಳುವಾಗಲೇ ಇದನ್ನು ನೋಡಿಕೊಳ್ಳುವುದು ಲೇಸು.

ಕೆನಡಾದ ವ್ಯಾಂಕೂವರಿನ ಗ್ರಿನ್ ಟೆಕ್ನಾಲಜೀಸ್ ಎಂಬ ಸಣ್ಣ ಕಂಪನಿ ಈ ನಿಯಮವನ್ನು ಚೆನ್ನಾಗಿ ಓದಿ ಒಂದು ದಾರಿ ಕಂಡುಕೊಂಡಿತು. ಅವರ ಲೈಗೋ ಬ್ಯಾಟರಿ 36 ವೋಲ್ಟಿನ ಸಣ್ಣ ಸಣ್ಣ ತುಂಡುಗಳಾಗಿ ಬರುತ್ತದೆ, ಒಂದೊಂದೂ 98 ವ್ಯಾಟ್-ಗಂಟೆ. ವಿಮಾನದಲ್ಲಿ ಬಿಡಿಬಿಡಿಯಾಗಿ ಕೈಚೀಲದಲ್ಲಿ ಒಯ್ದು, ಇಳಿದ ಮೇಲೆ ಜೋಡಿಸಿದರೆ ಸೈಕಲ್ ಓಡುತ್ತದೆ. ನಾಲ್ಕು ತುಂಡು ಸೇರಿದರೆ ನಮ್ಮ ಹುಡುಗನ ಬ್ಯಾಟರಿಗಿಂತ ಶಕ್ತಿ ಹೆಚ್ಚೇ. ಆದರೂ ಅವಕ್ಕೆ ಅನುಮತಿ ಸಿಗುವುದು, ಒಂದು ಕೆಟ್ಟರೂ ಬೇರೆಯಾಗಿಟ್ಟ ಇನ್ನೊಂದಕ್ಕೆ ಕಾವು ಸುಲಭವಾಗಿ ದಾಟದು ಎಂಬ ಕಾರಣಕ್ಕೆ. ಒಂದೇ ದೊಡ್ಡ ಬಣವೆಯ ಬದಲು ನಡುವೆ ಅಂತರ ಬಿಟ್ಟು ಸಣ್ಣವನ್ನು ಒಟ್ಟುವ ರೈತನಿಗೆ ಈ ಲೆಕ್ಕವನ್ನು ಯಾರೂ ಹೇಳಿಕೊಡಬೇಕಿಲ್ಲ. ಹೀಗೆ ಎಷ್ಟು ತುಂಡು ತರಬಹುದು ಎಂಬುದನ್ನು ಟಿಕೆಟ್ ಮಾಡಿಸುವ ಮೊದಲು ಆಯಾ ವಿಮಾನ ಸಂಸ್ಥೆಯನ್ನೇ ಕೇಳಬೇಕು. ಪ್ರತಿಯೊಂದರ ಮೇಲೂ ವ್ಯಾಟ್-ಗಂಟೆಯ ಅಚ್ಚು ಓದುವಂತಿರಬೇಕು, ತುದಿಗಳಿಗೆ ಟೇಪ್ ಸುತ್ತಿ ಬೇರೆ ಬೇರೆ ಚೀಲದಲ್ಲಿಡಬೇಕು.